ಮೂರನೆಯ ತತ್ತಿ

ಸಕ್ಕರೆ ಕಾಯಿಲೆ ಅಂತ ಡಾಕ್ಟರು ಹೇಳಿದ ಮೇಲೆ ನಮ್ಮ ಮನೆಗೆ ನವಣೆ ಬಂತು. ಅಫಜಲಪುರದ ಸಂತೆಯಿಂದ ಹೆಂಡತಿ ಸುಜಾತಾ ಎರಡು ಕಿಲೋ ತಂದಿದ್ದಳು. ಸಂತೆಯ ಮಾಲು, ಅರ್ಧಕ್ಕರ್ಧ ಹೊಟ್ಟು. ಅಂಗಳದಲ್ಲಿ ಕೂತು ಮೊರದಲ್ಲಿ ಕೇರುತ್ತಿದ್ದಳು, ನಾನು ಪಕ್ಕದಲ್ಲಿ ಪೇಪರ್ ಹಿಡಿದು ಕೂತಿದ್ದೆ. ಹೊಟ್ಟು ಗಾಳಿಗೆ ಹಾರಿ ಮೂಗಿಗೆ ಬಡಿಯಿತು. ಒಣ ಹುಲ್ಲಿನ ಹಾಗೆ, ಬಿಸಿಲಿಗೆ ಕಾದ ಮಣ್ಣಿನ ಹಾಗೆ ಒಂದು ವಾಸನೆ. ಪೇಪರ್ ಕೆಳಗಿಟ್ಟೆ.

"ಯಾಕ್ರಿ, ಸೀನು ಬಂತೇನು?" ಅಂದಳು.

"ಇಲ್ಲ. ಜೇವರ್ಗಿ ನೆನಪಾಯ್ತು."

"ಜೇವರ್ಗಿ ನೆನಪಾಯ್ತೋ, ಅಂಬಾರಾಯಣ್ಣ ನೆನಪಾದ್ನೋ?" ಅವಳು ಮೊರದಿಂದ ತಲೆ ಎತ್ತದೆ ನಕ್ಕಳು. "ಇಷ್ಟು ವರ್ಷ ಆಯ್ತು, ನಿಮ್ಮ ಹೊಟ್ಟಿ ಇನ್ನೂ ತಣ್ಣಗಾಗಿಲ್ಲ ಬಿಡ್ರಿ."

ಒಂದು ಕಾಲಕ್ಕೆ ನಾನು ಗಿಳಿಗಳಿಗೆ ಹಾಕುತ್ತಿದ್ದ ಕಾಳನ್ನು ಈಗ ಇವಳು ನನಗೆ ಹಾಕುತ್ತಿದ್ದಾಳೆ, ಅದನ್ನು ಯೋಚಿಸುತ್ತಿದ್ದೆ.

ನಾನು ಪಶುವೈದ್ಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಡಾಕ್ಟರಲ್ಲ. ಆದರೆ ಜನ ಡಾಕ್ಟರ್ ಸಾಹೇಬ್ರ ಅಂದರೆ ತಿದ್ದುವ ಅಭ್ಯಾಸ ನನಗಿಲ್ಲ. ನಮ್ಮಪ್ಪ ಆಳಂದ ತಾಲ್ಲೂಕಿನ ಹೊಲಗಳಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದವನು. ಹಾಗಾಗಿ ಕಲಿತ ವಿಷಯದಲ್ಲಿ ನಾನು ಯಾರಿಗೂ ಸೋಲಬಾರದು ಅನ್ನುವ ಹಟ ಮೊದಲಿನಿಂದ ಇತ್ತು. ಎಮ್ಮೆ ಗಬ್ಬವಾಗಿದೆಯೋ ಇಲ್ಲವೋ ಅಂತ ಕೈ ಹಾಕಿ ನೋಡಿ ಒಂದೇ ನಿಮಿಷದಲ್ಲಿ ಹೇಳುತ್ತಿದ್ದೆ, ಆ ಮಾತು ತಪ್ಪುತ್ತಿರಲಿಲ್ಲ. ಇಂಥವನು ಜೇವರ್ಗಿಯ ಒಬ್ಬ ಟೇಲರ್ ಮುಂದೆ ಸೋತ ವರ್ಷದ ಕಥೆ ಇದು. ದಸರೆಯಿಂದ ಶಿವರಾತ್ರಿಯವರೆಗೆ, ಒಂದು ಹಿಂಗಾರಿ ಹಂಗಾಮು.

ನನಗೆ ಕೆಲಸ ಇದ್ದದ್ದು ಹತ್ತಿರದ ಒಂದು ಹಳ್ಳಿಯಲ್ಲಿ, ಮನೆ ಮಾಡಿದ್ದು ಜೇವರ್ಗಿಯಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ. ಆ ಟೇಲರ್ ಅಂಬಾರಾಯಣ್ಣ, ಹೆಂಡತಿ ಕಾಶಿಬಾಯಿಯ ಜೊತೆ ಪಕ್ಕದ ಮನೆಯಲ್ಲಿದ್ದ. ನಡುವೆ ಒಂದೇ ಗೋಡೆ. ಅವನ ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಗ್ಗೆ ಅವನ ಹೊಲಿಗೆ ಮಷಿನ್ ಶುರುವಾದರೆ ನಮ್ಮ ಗೋಡೆಯ ಕ್ಯಾಲೆಂಡರ್ ಅಲುಗುತ್ತಿತ್ತು. ಐವತ್ತು ದಾಟಿದ ಮನುಷ್ಯ, ಕೊರಳಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲ್, ಮಾತು ಕಡಿಮೆ.

ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಹೋದವನಿಗೆ ಹಿಂದಿನ ಕೋಣೆಯಿಂದ ಚಿಲಿಪಿಲಿ ಕೇಳಿಸಿತು. "ಬರ್ರಿ ಸಾಹೇಬ್ರ, ನೋಡ್ರಿ," ಅಂತ ಒಳಗೆ ಕರೆದ. ಜಾಲರಿ ಕಟ್ಟಿದ ಕೋಣೆಯಲ್ಲಿ ಒಂದು ಜೋಡಿ ಲವ್‌ಬರ್ಡ್ಸ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪರದೇಶದ ಗಿಳಿಗಳು. ನಮ್ಮ ಹೊಲದ ಗಿಳಿಯನ್ನು ಸಾಕುವುದು ಕಾಯ್ದೆಗೆ ವಿರುದ್ಧ, ಇವಕ್ಕೆ ಆ ತೊಂದರೆ ಇಲ್ಲ. ಅವನ ಎರಡೂ ಅಚ್ಚ ಹಳದಿ, ಮುಖ ನಸುಗೆಂಪು, ಕಣ್ಣು ಕೆಂಪು ಮಣಿ. ಅವನು ಸಣ್ಣಗೆ ಸಿಳ್ಳೆ ಹಾಕಿದ. ಎರಡೂ ಹಾರಿ ಬಂದು ಕೊರಳಿನ ಟೇಪಿನ ಮೇಲೆ ಕೂತವು. ಒಂದು ಅವನ ಕಿವಿಯ ಪೆನ್ಸಿಲನ್ನು ಕಚ್ಚತೊಡಗಿತು.

ದನಗಳ ನಡುವೆ ಇಷ್ಟು ವರ್ಷ ಕಳೆದ ನನ್ನ ಹತ್ತಿರ ಒಂದು ಕರುವೂ ಹಾಗೆ ತಾನಾಗಿ ಬಂದಿರಲಿಲ್ಲ. ಸೂಜಿ ಚುಚ್ಚುವವನನ್ನು ಕಂಡರೆ ಅವೆಲ್ಲ ಹಿಂದೆ ಸರಿಯುತ್ತವೆ. ನನಗೆ ಆ ಕ್ಷಣದಲ್ಲೇ ಹೊಟ್ಟೆಯೊಳಗೆ ಕಿಚ್ಚು ಹತ್ತಿತು. ಆಸೆ ಆಯಿತು ಅಂತ ಆಗ ಸುಜಾತಾಗೆ ಹೇಳಿದೆ. ಅದು ಆಸೆಯಾಗಿರಲಿಲ್ಲ.

ಮುಂದಿನ ಭಾನುವಾರವೇ ಕಲಬುರಗಿಗೆ ಹೋಗಿ ಒಂದು ಜೋಡಿ ತಂದೆ. ಹಸಿರು ಮೈ, ಕಪ್ಪು ಕಣ್ಣು. ಅಂಗಡಿಯವನು "ಪಕ್ಕಾ ಜೋಡಿ ಅದ್ರಿ" ಅಂದಿದ್ದ. ಈ ಹಕ್ಕಿಗಳಲ್ಲಿ ಗಂಡು ಹೆಣ್ಣು ನೋಡಲು ಒಂದೇ ರೀತಿ. ನನಗೆ ಅಷ್ಟರ ಮಟ್ಟಿಗೆ ಗೊತ್ತಿತ್ತು. ಆದರೆ ಇವು ಒಂದರ ತಲೆ ಒಂದು ಕೆರೆಯುತ್ತಿದ್ದವು, ಒಂದಕ್ಕೊಂದು ಆತು ಕೂರುತ್ತಿದ್ದವು. ಜೋಡಿ ಅಲ್ಲದೆ ಇನ್ನೇನು?

ಅಂಬಾರಾಯಣ್ಣ ಮಾಡಿದ್ದನ್ನೆಲ್ಲ ನಾನೂ ಮಾಡಿದೆ, ಅವನನ್ನು ನೋಡಿ ಮಾಡಿದೆ ಅಂತ ಗೊತ್ತಾಗದ ಹಾಗೆ. ಅವನ ಹಾಗೆ ಮರದ ಗೂಡು ಕಟ್ಟಿಸಿದೆ, ಆದರೆ ಒಂದು ಬೆರಳು ದೊಡ್ಡದು. ಅವನು ಹೆಸರುಕಾಳು ಮೊಳಕೆ ಬರಿಸಿದರೆ ನಾನು ಹೆಸರುಕಾಳು, ಮಡಿಕೆಕಾಳು ಎರಡೂ ಬರಿಸಿದೆ. ಕೋಳಿ ತತ್ತಿಯ ಸಿಪ್ಪೆ ಕುಟ್ಟಿ ಪುಡಿ ಮಾಡಿ ಇಟ್ಟೆ. ಹಕ್ಕಿ ತತ್ತಿ ಇಟ್ಟಾಗ ಅವನು ಕಿವಿಯ ಪೆನ್ಸಿಲ್ ತೆಗೆದು ಮೊದಲನೆಯದಕ್ಕೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು, ಹೀಗೆ ಇಟ್ಟ ಕ್ರಮದಲ್ಲಿ ಗುರುತು ಹಾಕುತ್ತಿದ್ದ. ಯಾವುದು ಯಾವತ್ತು ಒಡೆಯುತ್ತದೆ ಅಂತ ಲೆಕ್ಕ ಸಿಗುತ್ತದೆ. ಬಟ್ಟೆಯ ಮೇಲೆ ಗುರುತು ಹಾಕಿ ಪಳಗಿದ ಕೈ, ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು. ನಾನೂ ಒಂದು ಪೆನ್ಸಿಲ್ ತಂದಿಟ್ಟುಕೊಂಡೆ.

ಗೂಡಿಗೆಂದು ಹಳ್ಳದ ದಂಡೆಯಿಂದ ಈಚಲ ಗರಿ ತಂದು ಹಾಕಿದೆವು. ಈ ಗಿಳಿಗಳು ಗರಿಯನ್ನು ಕೊಕ್ಕಿನಿಂದ ಉದ್ದುದ್ದ ಸೀಳಿ, ಆ ಸೀಳನ್ನು ಬೆನ್ನಿನ ಕೆಳಗಿನ ಪುಕ್ಕಗಳಲ್ಲಿ ಸಿಕ್ಕಿಸಿಕೊಂಡು ಗೂಡಿಗೆ ಒಯ್ಯುತ್ತವೆ. ನೋಡಲು ಬಲು ಚಂದ. ನನ್ನ ಎರಡೂ ಹಕ್ಕಿಗಳು ಪೈಪೋಟಿಗೆ ಬಿದ್ದವರ ಹಾಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದವು. ಅಂಬಾರಾಯಣ್ಣನನ್ನು ಕರೆದು ತೋರಿಸಿದೆ. ಅವನು ಬಹಳ ಹೊತ್ತು ನೋಡಿದ.

"ಎರಡೂ ಸಿಗಸ್ಕೊಳ್ಳಾಕತ್ತಾವಲ್ರಿ."

"ಹೌದು. ಚುರುಕದಾವ."

"ಹಂಗಲ್ರಿ. ಗೂಡಿಗಿ ಒಯ್ಯೋದು ಹೆಣ್ಣಿನ ಕೆಲಸ್ರಿ. ಗಂಡಿಗಿ ಇದು ಬರಂಗಿಲ್ಲ. ಒಂದ್ ವ್ಯಾಳ್ಯಾ ಸಿಗಸ್ಕೊಂಡ್ರೂ ದಾರಿಯೊಳಗ ಕೆಡವ್ತದ. ನಿಮ್ಮವು ಎರಡೂ ಹೆಣ್ಣದಾವ ಅನ್ಸತದ್ರಿ ನನಗ."

ನನ್ನ ಮುಖಕ್ಕೆ ರಕ್ತ ಏರಿತು. "ಅಂಬಾರಾಯಣ್ಣ, ನಾ ದಿನಾ ಎಷ್ಟು ಎಮ್ಮಿ ನೋಡ್ತೇನಿ ಗೊತ್ತದೇನು?"

"ಎಮ್ಮಿ ಬ್ಯಾರೆ ಅದಾವ್ರಿ ಸಾಹೇಬ್ರ," ಅಂದ. ಅಷ್ಟೇ ಹೇಳಿ ಟೇಪು ಸರಿಮಾಡಿಕೊಂಡು ಹೋದ. ನನ್ನ ಹಕ್ಕಿ ಎಲ್ಲಿ ಮುಂದಾಗುತ್ತದೋ ಅಂತ ಇವನಿಗೆ ಹೊಟ್ಟೆಕಿಚ್ಚು ಅಂತ ನಾನು ಸುಜಾತಾಗೆ ಹೇಳಿದೆ. ಅವಳು ನನ್ನನ್ನೇ ನೋಡಿ, ಯಾರಿಗೆ ಅಂತ ಕೇಳಿದಳು.

ಹೊಲಗಳಲ್ಲಿ ತೊಗರಿ ಹೂ ಬಿಟ್ಟು ರಸ್ತೆಯ ಎರಡೂ ಕಡೆ ಹಳದಿಯಾದಾಗ ಅವನ ಹಕ್ಕಿ ನಾಲ್ಕು ತತ್ತಿ ಇಟ್ಟಿತು. ನನ್ನ ಗೂಡಿನಲ್ಲಿ ಎಂಟು. ಎಂಟು ಅಂತ ನಾನು ಗಲ್ಲಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಚಹಾದ ಅಂಗಡಿಯಲ್ಲೂ ಹೇಳಿದೆ. ಒಂದು ಹಕ್ಕಿ ಎಂಟು ಇಡುವುದಿಲ್ಲ, ಎರಡು ಹಕ್ಕಿ ನಾಲ್ಕು ನಾಲ್ಕು ಇಡುತ್ತವೆ ಅನ್ನುವ ಸಾದಾ ಲೆಕ್ಕ ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯಿತೋ ಏನೋ, ಒಳಗೆ ಬಿಟ್ಟುಕೊಳ್ಳಲಿಲ್ಲ.

ಎಂಟು ದಿನದ ಮೇಲೆ ಮೊಬೈಲಿನ ಟಾರ್ಚಿಗೆ ತತ್ತಿ ಹಿಡಿದು ನೋಡಬೇಕು. ಜೀವ ಇದ್ದರೆ ಒಳಗೆ ಕೆಂಪು ನರ ಜೇಡರ ಬಲೆಯಂತೆ ಕಾಣುತ್ತವೆ. ಅಂಬಾರಾಯಣ್ಣ ತನ್ನ ನಾಲ್ಕನ್ನೂ ತೋರಿಸಿದ, ನಾಲ್ಕರಲ್ಲೂ ನರ. ನನ್ನ ಎಂಟೂ ಖಾಲಿ, ಗಾಜಿನಂತೆ ಬೆಳಕು ಈಚೆಯಿಂದ ಆಚೆಗೆ ಹೋಯಿತು. ಅವನ ಮನೆಯಲ್ಲಿ ನಾಲ್ಕು ಮರಿಯಾದವು. ಗಲ್ಲಿಯ ಹೆಂಗಸರು ನೋಡಲು ಬಂದರು. ಸುಜಾತಾಳೂ ಹೋಗಿ ಬಂದಳು. ಬಂದು, "ಕಾಶಿಬಾಯಿ ಅಂಗೈ ಮ್ಯಾಲ ಒಂದು ಕೂಡಿಸಿದ್ರು ನೋಡ್ರಿ, ಬೆಚ್ಚಗಿತ್ತು," ಅಂದಳು. ಆವತ್ತು ನನಗೆ ಅನ್ನ ಸೇರಲಿಲ್ಲ. ಮನೆಯ ಮಂದಿಯೇ ಹೋಗಿ ಅವರ ಮರಿ ಹಿಡಿದು ಬರುತ್ತಾರಲ್ಲ ಅಂತ ಸಂಕಟವಾಯಿತು.

ಎರಡನೆಯ ಸರ್ತಿ ಅವನದು ಐದು, ನನ್ನವು ಏಳು. ತೊಗರಿ ಕಾಯಿ ಬಲಿತು ಚಳಿ ಶುರುವಾಗಿತ್ತು. ಒಂದು ಬೆಳಗ್ಗೆ ಅಂಬಾರಾಯಣ್ಣ ನಮ್ಮ ಬಾಗಿಲಿಗೆ ಬಂದ.

"ನಾಳಿ ನರೋಣಾಕ್ಕ ಹೊಂಟೇವ್ರಿ, ಮಗಳ ಮನಿಗಿ. ಮೊಮ್ಮಗಂದು ಜಾವಳ ಅದ. ಮೂರು ದಿನ ಆಗ್ತದ. ಹಕ್ಕಿಗಿ ಕಾಳು ನೀರು ಜರಾ ನೋಡ್ಕೋರಿ. ಕೀಲಿ ನಿಮ್ಮ ಹತ್ರ ಇರ್ಲಿ."

"ಕಾಶಿಬಾಯಿ ಅವ್ವನ ಕಡಿ ಯಾರರ ಇದ್ರ..." ಅಂದೆ. ನನಗೇ ಏನೋ ಅಂಜಿಕೆಯಾಗಿತ್ತು.

"ನಿಮಗಿಂತ ಬಲ್ಲವ್ರು ಯಾರದಾರ್ರಿ," ಅಂದ. ಚುಚ್ಚಿ ಹೇಳಿದ ಮಾತಲ್ಲ. ಅವನಿಗೆ ಚುಚ್ಚುವುದು ಬಟ್ಟೆಗೆ ಮಾತ್ರ ಗೊತ್ತಿತ್ತು.

ಮೊದಲ ದಿನ ಕಾಳು ನೀರು ಹಾಕಿ ಬಂದೆ. ಎರಡನೆಯ ದಿನ ಮಧ್ಯಾಹ್ನ ಒಂದು ಮುರಿದ ಕಾಲಿನ ಎತ್ತಿಗೆ ಪಟ್ಟಿ ಕಟ್ಟಿ ಬಂದಿದ್ದೆ, ದಣಿದಿದ್ದೆ. ಗೂಡಿನ ಮುಚ್ಚಳ ತೆಗೆದು ಅವನ ಐದನ್ನೂ ಟಾರ್ಚಿಗೆ ಹಿಡಿದೆ. ಮೂರು ಚುಕ್ಕೆಯದರಲ್ಲಿ ನರ ತುಂಬಿ, ನಡುವೆ ಒಂದು ಕಪ್ಪು ಬಿಂದು ಮಿಡಿಯುತ್ತಿತ್ತು. ಗುಂಡಿಗೆ.

ಮನೆಗೆ ಹೋದೆ. ನನ್ನ ಗೂಡಿನಿಂದ ಮೂರು ಚುಕ್ಕೆಯ ಖಾಲಿ ತತ್ತಿ ತೆಗೆದು ಜೇಬಿಗಿಟ್ಟುಕೊಂಡೆ. ವಾಪಸು ಬಂದು ಅದನ್ನು ಅಲ್ಲಿಟ್ಟು, ಅವನದನ್ನು ತೆಗೆದೆ. ಮೂರನೆಯದಕ್ಕೆ ಮೂರನೆಯದು, ಯಾರಿಗೆ ಗೊತ್ತಾಗುತ್ತದೆ? ಚಳಿಗಾಳಿ ಬೀಸುತ್ತಿತ್ತು, ತತ್ತಿ ತಣ್ಣಗಾಗಬಾರದು. ಬೆಟ್ಟದ ನೆಲ್ಲಿಕಾಯಿಗಿಂತ ದೊಡ್ಡದೇನಲ್ಲ ಅದು. ಬಾಯೊಳಗೆ, ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡೆ. ಹಲ್ಲು ತಾಗದಂತೆ ಉಸಿರು ಬಿಗಿಹಿಡಿದು ಬಂದರೆ ಬಾಗಿಲಲ್ಲೇ ಸುಜಾತಾ.

"ಹಕ್ಕಿ ಹ್ಯಾಂಗದಾವ್ರಿ?"

ತಲೆ ಆಡಿಸಿದೆ.

"ಹಲ್ಲು ನೋವೇನು, ಗಲ್ಲ ಉಬ್ಬ್ಯಾದ?"

ಮತ್ತೆ ತಲೆ ಆಡಿಸಿ ಒಳಗೆ ಹೋದೆ. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇದೆ. ದಿನಾ ಅದನ್ನು ನೋಡಿಯೇ ಒಳಗೆ ಹೋಗುವವನು, ಆವತ್ತು ನೆಲ ನೋಡುತ್ತ ಹೋಗಿ ತತ್ತಿಯನ್ನು ನನ್ನ ಗೂಡಿಗೆ ಇಳಿಸಿದೆ.

ಅಂಬಾರಾಯಣ್ಣ ಬಂದ, ನಮಗೆ ಹೋಳಿಗೆ ಕೊಟ್ಟ. ಮರುದಿನ ಅಂಗಡಿಯ ಮುಂದೆ ಹೋಗುತ್ತಿದ್ದವನನ್ನು ಕರೆದು, "ನಾಲ್ಕರಾಗ ಜೀವ ಅದ್ರಿ. ಮೂರನೇದ್ದು ಖಾಲಿ," ಅಂದ.

"ಒಂದೊಂದ್ ಸಲ ಹಂಗಾಗ್ತದ ಅಣ್ಣಾ," ಅಂದೆ.

"ಆಗ್ತದ್ರಿ," ಅಂತ ಮಷಿನ್ ತುಳಿಯತೊಡಗಿದ.

ಹತ್ತು ಹನ್ನೆರಡು ದಿನ ಕಳೆದವು. ಒಂದು ಬೆಳಗ್ಗೆ ನನ್ನ ಗೂಡಿನಿಂದ ಸಣ್ಣ ದನಿ ಕೇಳಿಸಿತು. ಒಡೆದ ಸಿಪ್ಪೆಯ ಪಕ್ಕದಲ್ಲಿ ಬೆರಳ ತುದಿಯಷ್ಟು ಮರಿ. ಸುಜಾತಾ ಕೈ ಮುಗಿದಳು. ನಾನು ಗಲ್ಲಿಗೆಲ್ಲ ಕೂಗಿ ಹೇಳಿದೆ. ಅಂಗಡಿಯಲ್ಲಿ ಮದುವೆ ಬಟ್ಟೆಗಳ ರಾಶಿಯ ನಡುವೆ ಕೂತಿದ್ದ ಅಂಬಾರಾಯಣ್ಣನಿಗೂ ಹೋಗಿ ಹೇಳಿದೆ, ಅವನಿಗೆ ಹೇಳುವುದೇ ಮುಖ್ಯವಾಗಿತ್ತಲ್ಲ.

"ಭಾಳ ಛಲೋ ಆಯ್ತ್ರಿ," ಅಂದ. "ಗಂಟಲ ಚೀಲ ನೋಡ್ಕೋತ ಇರ್ರಿ. ತುಂಬಿದ್ರ ತಾಯಿ ತಿನ್ನಸ್ತದ ಅಂತ ಅರ್ಥ. ಖಾಲಿ ಇದ್ರ ಲಗೂನ ಬರ್ರಿ."

ಮನೆಗೆ ಬಂದು ಚೀಲ ನೋಡಲು ಮರಿಯನ್ನು ಎತ್ತಿದೆ. ಆಗ ಕಣ್ಣು ಕಾಣಿಸಿತು. ಇನ್ನೂ ತೆರೆಯದ ರೆಪ್ಪೆ, ಈರುಳ್ಳಿ ಪೊರೆಯಷ್ಟು ತೆಳು. ಅದರ ಹಿಂದೆ ಕಣ್ಣು ಕೆಂಪಾಗಿತ್ತು. ಬಣ್ಣ ಪುಕ್ಕ ಬಂದ ಮೇಲಲ್ಲವೇ ಗೊತ್ತಾಗುವುದು, ಅಷ್ಟರೊಳಗೆ ಏನಾದರೂ ನೆಪ ಹೇಳಿದರಾಯಿತು ಅಂತ ನಾನು ಅಂದುಕೊಂಡಿದ್ದೆ. ಕಪ್ಪು ಕಣ್ಣಿನ ಎರಡು ಹಸಿರು ಹಕ್ಕಿಗಳ ನಡುವೆ ಅಂಬಾರಾಯಣ್ಣನ ಮನೆಯ ಕಣ್ಣು ಮೊದಲ ದಿನವೇ ಬಂದು ಕೂತಿತ್ತು. ಮರಿ ನೋಡಲು ಬಂದ ಹೆಂಗಸರನ್ನು, ಗಾಳಿ ತಾಗುತ್ತದೆ ಅಂತ ಹೇಳಿ ಬಾಗಿಲಲ್ಲೇ ತಿರುಗಿಸಿ ಕಳಿಸಿದೆ.

ಮರುದಿನ ಚೀಲ ಖಾಲಿ. ನನ್ನ ಎರಡೂ ಹಕ್ಕಿಗಳು ಗೂಡಿನ ಬಾಯಿಯಲ್ಲಿ ಕಚ್ಚಾಡುತ್ತಿದ್ದವು, ಮರಿ ಮೂಲೆಯಲ್ಲಿ ಖಾಲಿ ತತ್ತಿಗಳ ನಡುವೆ ಬಿದ್ದಿತ್ತು. ಕರುಗಳಿಗೆ ಔಷಧ ಕುಡಿಸುವ ಸಿರಿಂಜಿನಿಂದ ಗಂಜಿ ಕುಡಿಸಲು ಹೋದೆ. ಒಂದು ಹನಿಯೇ ಅದರ ತಲೆಯಷ್ಟಿತ್ತು. ಮರಿ ಉಸಿರು ಕಟ್ಟಿ ಒದ್ದಾಡಿತು. ಕೈಬಿಟ್ಟೆ.

"ಅಣ್ಣನ ಕಡಿ ಒಯ್ರಿ," ಅಂದಳು ಸುಜಾತಾ.

"ಸಂಜೀತನ ನೋಡೂಣು."

"ಸಂಜೀತನ ಅದು ಇರ್ತದೇನು?"

"ನಾ ಬಲ್ಲೆ," ಅಂದೆ. ಗೋಡೆಯ ಆಚೆ ಮಷಿನ್ ಓಡುತ್ತಲೇ ಇತ್ತು. ಹತ್ತು ಹೆಜ್ಜೆ ಸಾಕಾಗಿತ್ತು. ಹಿಡಿದುಕೊಂಡು ಹೋದರೆ ಕಣ್ಣು ತೋರಿಸಬೇಕಾಗುತ್ತಿತ್ತು. ಒಂದು ಇಡೀ ದಿನ ನಾನು ಆ ಹತ್ತು ಹೆಜ್ಜೆ ನಡೆಯಲಿಲ್ಲ. ಇದನ್ನು ಬರೆಯುವಾಗ ಕದ್ದದ್ದಕ್ಕಿಂತ ಈ ಸಾಲಿಗೇ ಹೆಚ್ಚು ನಾಚಿಕೆಯಾಗುತ್ತದೆ.

ಬೆಳಗಿನ ಆರಕ್ಕೆ ನೋಡಿದಾಗ ಮರಿ ಅಂಗೈಯಲ್ಲಿ ತಣ್ಣಗಿತ್ತು. ಸತ್ತಿತು ಅಂದುಕೊಂಡೆ. ಉಗುರಿನಿಂದ ಮುಟ್ಟಿದರೆ ಕಾಲು ಒಂದಿಷ್ಟು ಅಲುಗಿತು. ಆಮೇಲೆ ನಾನು ಯೋಚಿಸಲಿಲ್ಲ. ಬನಿಯನ್ನಿನಲ್ಲೇ ಓಡಿದೆ.

ಅಂಬಾರಾಯಣ್ಣ ಅಂಗಡಿ ಗುಡಿಸುತ್ತಿದ್ದ. ಏನೂ ಕೇಳದೆ ಮರಿಯನ್ನು ತೆಗೆದುಕೊಂಡ. ಇಸ್ತ್ರಿ ಪೆಟ್ಟಿಗೆ ಹಚ್ಚಿ, ಒಂದು ಮೆತ್ತನೆಯ ತುಂಡು ಬಟ್ಟೆಯನ್ನು ಬಿಸಿಮಾಡಿ, ತನ್ನ ಕೆನ್ನೆಗೆ ಒತ್ತಿ ನೋಡಿ, ಅದರಲ್ಲಿ ಮರಿಯನ್ನು ಸುತ್ತಿದ. ಆರಿದಂತೆ ಇನ್ನೊಂದು ಬಟ್ಟೆ. ಮೂರನೆಯ ಬಟ್ಟೆಗೆ ಮರಿ ಬಾಯಿ ತೆರೆಯಿತು. ಕಾಶಿಬಾಯಿ ಹೆಸರಿನ ತಿಳಿ ಗಂಜಿ ತಂದರು. ಚಮಚದ ತುದಿಯನ್ನು ಅವನು ದೋಣಿಯ ಹಾಗೆ ಬಗ್ಗಿಸಿಟ್ಟುಕೊಂಡಿದ್ದ. ಅದನ್ನು ಕೊಕ್ಕಿನ ಬದಿಗೆ ತಾಗಿಸಿದರೆ ಮರಿ ತಾನೇ ಎಳೆದುಕೊಂಡಿತು. ಗಂಟಲಲ್ಲಿ ಹೆಸರುಕಾಳಿನಷ್ಟು ಚೀಲ ತುಂಬಿತು.

ಆಗ ಅವನು ಅದನ್ನು ಬೆಳಕಿಗೆ ಹಿಡಿದ. ಕಣ್ಣು ನೋಡಿದ.

"ಮೂರನೇದ್ದು," ಅಂದ.

ನನ್ನ ಬಾಯಲ್ಲಿ ಮಾತು ಬರಲಿಲ್ಲ. ಆವತ್ತು ಬಾಯಲ್ಲಿ ತತ್ತಿ ಇರಲಿಲ್ಲ, ಆದರೂ ಬರಲಿಲ್ಲ. ಅವನು ಒಳಗೆ ಹೋಗಿ ಮರಿಯನ್ನು ಅದರ ತಾಯಿಯ ಗೂಡಿನಲ್ಲಿ, ಉಳಿದ ನಾಲ್ಕರ ನಡುವೆ ಇಟ್ಟು ಬಂದ. ಹಳದಿ ಹಕ್ಕಿ ಒಮ್ಮೆ ಬಗ್ಗಿ ನೋಡಿ, ಐದರ ಮೇಲೂ ಕೂತುಬಿಟ್ಟಿತು.

"ನಿನಗ ಯಾವಾಗ ಗೊತ್ತಾಯ್ತಣ್ಣಾ?"

"ಊರಿಂದ ಬಂದ ದಿನಾನೇ ಗೊತ್ತಾಗ್ಯಾದ್ರಿ. ನನ್ನ ಚುಕ್ಕಿ ಸಣ್ಣವಿರ್ತಾವ. ನಿಮ್ಮವು ಜರಾ ದಪ್ಪ."

"ಮತ್ತ ಯಾಕ ಕೇಳಲಿಲ್ಲ?"

ಅವನು ಚಮಚ ತೊಳೆಯುತ್ತಿದ್ದ. "ಕೇಳಿದ್ರ ನೀವು ನಾಚಿಕಿಗಿ ಆ ತತ್ತಿ ಎಲ್ಲರ ಒಗದ್ರ? ಅಂಜಿಕಿ ಆಯ್ತ್ರಿ. ಅಲ್ಲಿ ಬೆಚ್ಚಗ ಇತ್ತಲ್ಲ, ಇರ್ಲಿ ಅಂದೆ."

ಮನೆಗೆ ಬಂದು ಸುಜಾತಾಗೆ ಎಲ್ಲ ಹೇಳಿದೆ. ಅವಳು ಮಧ್ಯಾಹ್ನದವರೆಗೆ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ರೊಟ್ಟಿ ಬಡಿಯುತ್ತ ಇದ್ದಕ್ಕಿದ್ದಂತೆ, "ಹಲ್ಲು ನೋವೇನು ಅಂದಾಗ ಬಾಯಾಗಿತ್ತೇನು?" ಅಂತ ಕೇಳಿದಳು. ಹೌದು ಅಂದೆ. ನಗಬಾರದು ಅಂತ ತುಟಿ ಕಚ್ಚಿಕೊಂಡಳು, ಆದರೆ ರೊಟ್ಟಿ ಹರಿದುಹೋಯಿತು.

ಅವನು ಗಲ್ಲಿಯಲ್ಲಿ ಹೇಳುತ್ತಾನೆ ಅಂತ ಕಾದೆ. ಹೇಳಲಿಲ್ಲ. ನಾನಾಗಿದ್ದರೆ ಹೇಳುತ್ತಿದ್ದೆ, ಚಹಾದ ಅಂಗಡಿಯಲ್ಲಿ ಮೊದಲು ಹೇಳುತ್ತಿದ್ದೆ. ನನ್ನ ಮರಿ ಏನಾಯಿತು ಅಂತ ಯಾರೋ ಕೇಳಿದಾಗ ಅವನೇ, "ಚಳಿಗಿ ನನ್ನ ಗೂಡಿನಾಗ ಇಟ್ಟೇವ್ರಿ," ಅಂದ. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಅದಕ್ಕೂ ಅವನು ಎಡೆ ಕೊಡಲಿಲ್ಲ. ಒಂದು ಹೆಣ್ಣು ಕೊಟ್ಟು ತನ್ನಿಂದ ಒಂದು ಗಂಡು ಒಯ್ಯಿರಿ, ನಿಮ್ಮದೂ ಜೋಡಿಯಾಗುತ್ತದೆ ಅಂತ ಅಂದ. ನಾನು ಬೇಡ ಅಂದೆ.

ತೊಗರಿ ರಾಶಿಯಾಯಿತು, ಮರಿಗಳಿಗೆ ಹಳದಿ ಪುಕ್ಕ ಬಂತು. ಐದರಲ್ಲಿ ಮೂರನೆಯದು ಯಾವುದು ಅಂತ ಈಗ ನನಗೂ ಗೊತ್ತಾಗುತ್ತಿರಲಿಲ್ಲ. ಹಳದಿ ಹಕ್ಕಿ ಆ ಹಂಗಾಮಿನ ಕೊನೆಯ ಸರ್ತಿ ತತ್ತಿಗೆ ಕೂತಿತು, ಬಿಸಿಲು ಬಲಿತರೆ ಅವಕ್ಕೆ ಬಿಡುವು. ನನಗೆ ಅಫಜಲಪುರಕ್ಕೆ ವರ್ಗವಾಗುವ ಸುದ್ದಿ ಬಂದಿತ್ತು. ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಅಂಬಾರಾಯಣ್ಣ ಮತ್ತೆ ಬಾಗಿಲಿಗೆ ಬಂದ. ಮಗಳು ಕರೆದಿದ್ದಾಳೆ, ಜಿಡಗಾ ಮಠಕ್ಕೂ ಹೋಗಿ ಬರುತ್ತೇವೆ ಅಂದ.

"ಕೀಲಿ ನಿಮ್ಮ ಹತ್ರ ಇರ್ಲಿ."

ನಾನು ಕೈ ಚಾಚಲಿಲ್ಲ. ಅವನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋದ.

"ನೀನೇ ಹೋಗಿ ಕಾಳು ಹಾಕಿ ಬಾ," ಅಂತ ಸುಜಾತಾಗೆ ಹೇಳಿದೆ.

"ನಿಮಗ ಕೊಟ್ಟಾರ. ನೀವೇ ಹೋಗ್ರಿ," ಅಂದಳು.

ಹೋದೆ. ನೀರು ಬದಲಿಸಿದೆ. ನವಣೆಯ ಬಟ್ಟಲನ್ನು ಬಾಗಿಲ ಹತ್ತಿರ ತಂದು ಉಫ್ ಅಂತ ಊದಿ ಹೊಟ್ಟು ಹಾರಿಸಿದೆ, ಅದು ನನ್ನ ಮೂಗಿಗೇ ಬಂತು. ಗೂಡು ನೋಡುವುದು ಬೇಡ ಅಂದುಕೊಂಡೇ ಮುಚ್ಚಳ ಎತ್ತಿದೆ. ಹಕ್ಕಿ ಸರಿದು ದಾರಿ ಕೊಟ್ಟಿತು. ಈಚಲ ಸೀಳುಗಳ ನಡುವೆ ಐದು ತತ್ತಿ ಇದ್ದವು. ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದೆ. ಒಂದರ ಮೇಲೂ ಚುಕ್ಕೆ ಇರಲಿಲ್ಲ.

ಅಂಬಾರಾಯಣ್ಣ ಗುರುತು ಹಾಕಲು ಮರೆಯುವ ಮನುಷ್ಯನಲ್ಲ. ನಾನು ಒಂದನ್ನು ಬದಲಿಸಿದ್ದರೂ ಈ ಸಲ ಅವನಿಗೆ ತಿಳಿಯುತ್ತಿರಲಿಲ್ಲ.

ಐದನ್ನೂ ಇದ್ದ ಹಾಗೆ ಇಟ್ಟು, ಮುಚ್ಚಳ ಹಾಕಿ, ಬಾಗಿಲು ಎಳೆದು ಕೀಲಿ ತಿರುವಿದೆ. ಬೀಗವನ್ನು ಎರಡು ಸಲ ಜಗ್ಗಿ ನೋಡಿದೆ. ಗಲ್ಲಿಯಲ್ಲಿ ಯಾರೂ ಇರಲಿಲ್ಲ. ಅವನ ಮೆಟ್ಟಿಲ ಮೇಲೆ ಕೀಲಿ ಹಿಡಿದು ಬಹಳ ಹೊತ್ತು ಕೂತೆ. ಅಲ್ಲಿಯವರೆಗೆ ಅವನ ಹಕ್ಕಿಯ ಮೇಲೆ, ಅವನ ತತ್ತಿಯ ಮೇಲೆ, ಅವನ ಮರಿಯ ಮೇಲೆ ನಾನು ಹೊಟ್ಟೆಕಿಚ್ಚು ಪಟ್ಟಿದ್ದೆ. ಆವತ್ತು ಮೊದಲ ಸಲ ಆ ಮನುಷ್ಯನ ಮೇಲೆಯೇ ಹೊಟ್ಟೆಕಿಚ್ಚಾಯಿತು. ಅದು ಇನ್ನೂ ಆರಿಲ್ಲ.